ಸಮುದ್ರದಡಿಯ ಹೂಳಿನಲ್ಲಿ ಶಿಲೀಂಧ್ರ: ಸಿಕ್ಕಿತು ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಸಮುದ್ರತಳದಿಂದ ಇನ್ನೂ ಎರಡೂವರೆ ಕಿಲೋಮೀಟರ್ ಕೆಳಗೆ, ಹೂಳಿನ ಪದರಗಳೊಳಗೆ ಶಿಲೀಂಧ್ರ ಸಿಕ್ಕಿದೆ ಎಂಬ ಸುದ್ದಿ ವಿಜ್ಞಾನ ಪುಟಗಳಲ್ಲಿ ಆಗಾಗ ಕಾಣಿಸುತ್ತದೆ. ಪಕ್ಕದಲ್ಲಿ ಕೊಡೆ ಬಿಚ್ಚಿ ನಿಂತ ಅಣಬೆಯ ಚಿತ್ರ. ಆ ಆಳದಲ್ಲಿ ಕೊಡೆಯೂ ಇಲ್ಲ, ಕಾಂಡವೂ ಇಲ್ಲ. ಬರಿಗಣ್ಣಿಗೆ ಕಾಣದ ಯೀಸ್ಟ್ ಕೋಶಗಳು, ಎರಡರಿಂದ ಐದು ಮೈಕ್ರೋಮೀಟರ್ ಗಾತ್ರದ ಬೀಜಕಗಳು, ಅಪರೂಪಕ್ಕೆ ತುಂಡಾದ ಎಳೆಗಳು (ಶಿಲೀಂಧ್ರ ಬೆಳೆಯುವಾಗ ಚಾಚುವ ನೂಲಿನಂಥ ಮೈ), ಇಷ್ಟೇ ಅಲ್ಲಿ ಸಿಗುವುದು. ಎಷ್ಟೋ ಸಲ ಅವೂ ಕೈಗೆ ಬರುವುದಿಲ್ಲ, ಅವುಗಳ ಡಿಎನ್‌ಎ ಮಾತ್ರ ಬರುತ್ತದೆ.

ಚಿತ್ರದ ವಿಷಯ ಸಣ್ಣದು. ನಾವು ಈ ಪತ್ರ ಬರೆಯುತ್ತಿರುವುದು ಬೇರೊಂದು ಕಾರಣಕ್ಕೆ. ಮಾದರಿಯಲ್ಲಿ ಶಿಲೀಂಧ್ರ ಕಂಡಿತು ಎನ್ನುವುದು ಒಂದು ಮಾತು. ಅದು ಆ ಆಳದಿಂದಲೇ ಬಂದದ್ದು ಎನ್ನುವುದು ಎರಡನೆಯ ಮಾತು. ಅಲ್ಲಿ ಅದು ಉಂಡು ಬೆಳೆದು ಬದುಕಿತ್ತು ಎನ್ನುವುದು ಮೂರನೆಯ ಮಾತು. ಮೂರಕ್ಕೂ ಬೇರೆ ಬೇರೆ ಪುರಾವೆ ಬೇಕು. ಸುದ್ದಿಯಲ್ಲಿ ಮೂರೂ ಒಂದೇ ವಾಕ್ಯದೊಳಗೆ ಸೇರಿಹೋಗುತ್ತವೆ, ಓದುಗರಿಗೆ ಮೂರನೆಯದೇ ಸಾಬೀತಾದಂತೆ ಕಾಣುತ್ತದೆ. ಸಂಶೋಧನೆಯ ನಿಜವಾದ ಕಷ್ಟ, ಅದರ ಸೊಗಸೂ ಕೂಡ, ಈ ಮೂರರ ನಡುವಿನ ದೂರದಲ್ಲಿದೆ.

ಮೊದಲು ಜಾಗ ಎಂಥದ್ದೆಂದು ನೋಡಬೇಕು. ನದಿ ತಂದ ಮಣ್ಣು, ಗಾಳಿ ತಂದ ದೂಳು, ಸತ್ತ ಸೂಕ್ಷ್ಮಜೀವಿಗಳ ಚಿಪ್ಪು ಎಲ್ಲವೂ ನೀರಿನಲ್ಲಿ ಇಳಿದಿಳಿದು ತಳದಲ್ಲಿ ಪದರ ಕಟ್ಟುತ್ತವೆ. ದಡದ ಹತ್ತಿರ ಸಾವಿರ ವರ್ಷಕ್ಕೆ ಹತ್ತಾರು ಸೆಂಟಿಮೀಟರ್ ಕೂರುತ್ತದೆ, ನಡುಸಾಗರದ ಕೆಂಪು ಜೇಡಿಯಲ್ಲಿ ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು. ದಡದ ಸಮೀಪದ ಹೂಳಿನಲ್ಲಿ ಮೇಲಿನ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್ ದಾಟುವಷ್ಟರಲ್ಲಿ ಆಮ್ಲಜನಕ ತೀರಿಹೋಗುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು, ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳನ್ನು, ಸಲ್ಫೇಟನ್ನು ಹೀಗೆ ಒಂದರ ನಂತರ ಒಂದನ್ನು ಉಸಿರಾಟಕ್ಕೆ ಬಳಸಿ ಮುಗಿಸುತ್ತವೆ. ಅದಕ್ಕೂ ಕೆಳಗೆ ಮೀಥೇನ್ ಹುಟ್ಟುತ್ತದೆ. ಒತ್ತಡ ಪ್ರತಿ ಹತ್ತು ಮೀಟರ್ ನೀರಿಗೆ ಸುಮಾರು ಒಂದು ಬಾರ್ ಏರುತ್ತದೆ. ಉಷ್ಣಾಂಶವೂ ಇಳಿದಂತೆ ಏರುತ್ತದೆ. ಇಡೀ ಜಗತ್ತಿನ ಸಮುದ್ರತಳದ ಹೂಳಿನಲ್ಲಿ ಸುಮಾರು 2.9×10²⁹ ಸೂಕ್ಷ್ಮಜೀವಿ ಕೋಶಗಳಿವೆ ಎಂದು 2012ರ ಅಂದಾಜು ಹೇಳುತ್ತದೆ. ಬಹುಪಾಲು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ವಂಶದ ಏಕಕೋಶ ಜೀವಿಗಳು). ಶಿಲೀಂಧ್ರದ ಪಾಲು ಸಣ್ಣದು, ಆದ್ದರಿಂದಲೇ ಅದನ್ನು ಹುಡುಕುವಾಗ ಹೊರಗಿನ ಒಂದೇ ಒಂದು ಬೀಜಕ ನುಸುಳಿದರೂ ಲೆಕ್ಕ ತಲೆಕೆಳಗಾಗುತ್ತದೆ.

ಇದುವರೆಗಿನ ಶೋಧಗಳಲ್ಲಿ ಗಟ್ಟಿ ನೆಲೆಯವು ಕೆಲವಿವೆ. ಹೂಳಿನ ಆಳದ ಜೀವವನ್ನೇ ಗುರಿಯಾಗಿಟ್ಟುಕೊಂಡು ನಡೆದ ಮೊದಲ ಕೊರೆತ ಯಾನ 2002ರ ಓಷನ್ ಡ್ರಿಲ್ಲಿಂಗ್ ಪ್ರೋಗ್ರಾಮ್‌ನ 201ನೇ ಲೆಗ್, ಪೆರು ಕರಾವಳಿಯಾಚೆ ಮತ್ತು ಪೂರ್ವ ಪೆಸಿಫಿಕ್‌ನಲ್ಲಿ. ಅಲ್ಲಿನ ಮಾದರಿಗಳಿಂದ ಆರ್‌ಎನ್‌ಎ ತೆಗೆದು ಮಾಡಿದ ಕೆಲಸ 2013ರಲ್ಲಿ ಪ್ರಕಟವಾಯಿತು. ತಳದಿಂದ 159 ಮೀಟರ್ ಕೆಳಗಿನವರೆಗೂ ಜೀನ್‌ಗಳು ಕೆಲಸ ಮಾಡುತ್ತಿರುವ ಗುರುತು ಸಿಕ್ಕಿತು, ಅದರಲ್ಲಿ ಶಿಲೀಂಧ್ರದ ಪಾಲೂ ಇತ್ತು. ನ್ಯೂಜಿಲೆಂಡ್‌ನ ಕ್ಯಾಂಟರ್ಬರಿ ಜಲಾನಯನದಲ್ಲಿ 2009–10ರಲ್ಲಿ 1,900 ಮೀಟರ್‌ಗೂ ಹೆಚ್ಚು ಆಳ ಕೊರೆದಾಗ 1,740 ಮೀಟರ್‌ವರೆಗೆ ಶಿಲೀಂಧ್ರದ ಡಿಎನ್‌ಎ ಗುರುತುಗಳು ಕಂಡವು, ಕೆಲವು ಪದರಗಳಿಂದ ಪ್ರಯೋಗಾಲಯದ ಪೋಷಕ ತಟ್ಟೆಯಲ್ಲಿ ಬೆಳೆಸುವುದೂ ಸಾಧ್ಯವಾಯಿತು. 2012ರಲ್ಲಿ ಜಪಾನಿನ ಶಿಮೋಕಿತಾ ಪರ್ಯಾಯದ್ವೀಪದಾಚೆ 'ಚಿಕ್ಯೂ' ಹಡಗು 1,180 ಮೀಟರ್ ನೀರಿನಡಿ 2,466 ಮೀಟರ್ ಕೊರೆಯಿತು. ಎರಡು ಕಿಲೋಮೀಟರ್ ಸುಮಾರಿಗೆ ಕಲ್ಲಿದ್ದಲ ಪದರಗಳು ಸಿಕ್ಕವು. ಅಲ್ಲಿನ ಮಾದರಿಗಳಿಂದ 27 ಪ್ರಭೇದಗಳಿಗೆ ಸೇರಿದ 69 ಶಿಲೀಂಧ್ರ ತಳಿಗಳನ್ನು ಬೆಳೆಸಿದ್ದಾಗಿ 2017ರಲ್ಲಿ ವರದಿಯಾಯಿತು. ಹಿಂದೂ ಮಹಾಸಾಗರದ ಚಾಗೋಸ್ ಕಂದಕದಲ್ಲಿ ಸುಮಾರು 5,900 ಮೀಟರ್ ನೀರಿನಡಿಯಿಂದ ತೆಗೆದ ಹೂಳಿನ ಕಂಬದಲ್ಲಿ 3.7 ಮೀಟರ್ ಆಳದವರೆಗೆ ಜೀವಂತ ಶಿಲೀಂಧ್ರ ಸಿಕ್ಕಿದ್ದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಆ ಪದರಗಳ ವಯಸ್ಸು ಒಂದೂಮುಕ್ಕಾಲು ಲಕ್ಷದಿಂದ ನಾಲ್ಕು ಲಕ್ಷ ವರ್ಷಕ್ಕೂ ಮೇಲೆ. ಎರಡು ಕಿಲೋಮೀಟರ್ ಮುಂದೆ 3.7 ಮೀಟರ್ ಸಣ್ಣದೆನಿಸಬಹುದು. ಆದರೆ ನಡುಸಾಗರದಲ್ಲಿ ಮೀಟರಿಗಿಂತ ಕಾಲವೇ ಮುಖ್ಯ ಅಳತೆ.

ಇನ್ನು ಮಾದರಿ ತೆಗೆಯುವ ಬಗೆ. ಎಲ್ಲ ವಾದವೂ ಇಲ್ಲಿಂದ ಶುರುವಾಗುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಮೇಲಿನ ಮೆತ್ತಗಿನ ಹೂಳಿಗೆ ಪಿಸ್ಟನ್ ಕೊಳವೆ ಬಳಸುತ್ತಾರೆ. ನೀರಿನ ಒತ್ತಡ ಕೊಟ್ಟು ಕೊಳವೆಯನ್ನು ಒಂದೇ ಏಟಿಗೆ 9.5 ಮೀಟರ್ ಇಳಿಸುವುದು, ಒಳಗಿನ ಪ್ಲಾಸ್ಟಿಕ್ ಕವಚದಲ್ಲಿ ಹೂಳಿನ ಕಂಬವನ್ನು ಹಾಗೇ ಮೇಲೆತ್ತುವುದು. ಕಂಬದ ಅಡ್ಡಳತೆ ಆರೂವರೆ ಸೆಂಟಿಮೀಟರ್ ಆಸುಪಾಸು. ಕೊಳವೆ ತಿರುಗದೇ ನೇರ ಇಳಿಯುವುದರಿಂದ ಒಳಗಿನ ಪದರ ಕದಡುವುದು ಕಡಿಮೆ. ಇನ್ನೂರು ಮುನ್ನೂರು ಮೀಟರ್ ದಾಟಿದ ಮೇಲೆ ಹೂಳು ಗಟ್ಟಿಯಾಗಿ ಪಿಸ್ಟನ್ ಇಳಿಯುವುದಿಲ್ಲ, ತಿರುಗುವ ಬೈರಿಗೆಗೆ ಹೋಗಲೇಬೇಕು. ಅಲ್ಲಿಂದ ತೊಂದರೆ ಶುರು. ತಿರುಗುವ ಹಲ್ಲುಗಳ ಏಟಿಗೆ ಕಂಬ ಅಲ್ಲಲ್ಲಿ ಮುರಿದು ಕೆಲವೇ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗುತ್ತದೆ. ಕೊರೆಯುವವರು ಇದಕ್ಕೆ ಬಿಸ್ಕತ್ತು ಎಂದೇ ಹೆಸರಿಟ್ಟಿದ್ದಾರೆ. ಬಿಲ್ಲೆ ಬಿಲ್ಲೆಯ ನಡುವಿನ ಸಂದಿಗೆ ಕೊರೆತದ ಕೆಸರು ತುಂಬಿಕೊಂಡು ಗಟ್ಟಿಯಾಗುತ್ತದೆ. ಕವಚ ಸೀಳಿ ನೋಡಿದರೆ ಎರಡೂ ಒಂದೇ ಬೂದು ಬಣ್ಣ. ಪಳಗದ ಕಣ್ಣಿಗೆ ಯಾವುದು ಇಪ್ಪತ್ತು ದಶಲಕ್ಷ ವರ್ಷದ ಹೂಳು, ಯಾವುದು ಇವತ್ತು ಹಡಗಿನ ತೊಟ್ಟಿಯಲ್ಲಿ ಕಲಸಿದ ಕೆಸರು ಎಂದು ಗೊತ್ತಾಗುವುದಿಲ್ಲ.

ಕೊರೆಯಲು ದ್ರವ ಬೇಕೇ ಬೇಕು. ಹಲ್ಲನ್ನು ತಣಿಸಲು, ಪುಡಿಯನ್ನು ಮೇಲೆತ್ತಲು, ರಂಧ್ರ ಕುಸಿಯದಂತೆ ಹಿಡಿಯಲು ಅದೇ ಆಧಾರ. ಸಮುದ್ರದ ಮೇಲ್ಮೈ ನೀರನ್ನೇ ಪಂಪ್ ಮಾಡುವುದು, ಬೇಕಾದಾಗ ಬೆಂಟೊನೈಟ್‌ನಂಥ ಜೇಡಿ ಬೆರೆಸುವುದು ವಾಡಿಕೆ. 'ಚಿಕ್ಯೂ'ವಿನ ರೈಸರ್ ಪದ್ಧತಿಯಲ್ಲಿ ಕೆಸರು ಇಳಿದು ಮತ್ತೆ ಹಡಗಿಗೇ ಬಂದು ಸುತ್ತುತ್ತಿರುತ್ತದೆ. ಹಾಗಾಗಿ ಆ ಕೆಸರಿನಲ್ಲೇ ಸೂಕ್ಷ್ಮಜೀವಿಗಳ ಒಂದು ಸಂಸಾರ ಬೆಳೆದಿರುತ್ತದೆ.

ಈ ದ್ರವ ಕಂಬದೊಳಗೆ ಎಷ್ಟು ನುಗ್ಗಿದೆ ಎಂದು ತಿಳಿಯಲು ಎರಡು ಉಪಾಯಗಳಿವೆ. ಒಂದು, ಪರ್‌ಫ್ಲೂರೋಕಾರ್ಬನ್ ಎಂಬ ರಾಸಾಯನಿಕವನ್ನು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂನಂತೆ ಕೊರೆತದ ದ್ರವಕ್ಕೆ ಬೆರೆಸಿ, ಆಮೇಲೆ ಕಂಬದ ಹೊರಮೈ, ನಡು, ತಿರುಳು ಮೂರರಿಂದಲೂ ಚೂರು ತೆಗೆದು ಗ್ಯಾಸ್ ಕ್ರೊಮಾಟೋಗ್ರಾಫ್‌ನಲ್ಲಿ ಅಳೆಯುವುದು. ಇನ್ನೊಂದು, ಅರ್ಧ ಮೈಕ್ರೋಮೀಟರ್ ಗಾತ್ರದ ಹೊಳೆಯುವ ಮಣಿಗಳನ್ನು ಸಣ್ಣ ಚೀಲದಲ್ಲಿ ತುಂಬಿ ಕೊಳವೆಯ ಬಾಯಲ್ಲಿಡುವುದು. ಹೂಳು ಒಳನುಗ್ಗುವಾಗ ಚೀಲ ಒಡೆದು ಮಣಿಗಳು ಕಂಬದ ಮೈಗೆಲ್ಲ ಹರಡುತ್ತವೆ, ಅವು ತಿರುಳಿನಲ್ಲೂ ಕಂಡರೆ ಆ ಚೂರನ್ನು ಕೈಬಿಡಬೇಕು. ಪರ್‌ಫ್ಲೂರೋಕಾರ್ಬನ್ ಸುಲಭವಾಗಿ ಆವಿಯಾಗುವ ವಸ್ತು, ಕೋಶಗಳು ಹೋಗದ ಕಡೆಗೂ ಹೋಗುತ್ತದೆ, ಹಾಗಾಗಿ ಕಲಬೆರಕೆಯನ್ನು ಕೊಂಚ ಹೆಚ್ಚಿಗೆ ತೋರಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ದೋಷವಲ್ಲ, ಅನುಮಾನ ಹೆಚ್ಚಿನ ಕಡೆಗೇ ವಾಲಿರುವುದು ಒಳ್ಳೆಯದು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಮೇಲ್ಮೈ ಸಮುದ್ರದ ನೀರಿನಲ್ಲಿ ಮಿಲಿಲೀಟರಿಗೆ ಐದು ಲಕ್ಷ ಬ್ಯಾಕ್ಟೀರಿಯಾ ಎಂದಿಟ್ಟುಕೊಳ್ಳಿ. ಒಂದು ಗ್ರಾಂ ಹೂಳಿಗೆ ಅದರ 0.1 ಮೈಕ್ರೋಲೀಟರ್ ಮಾತ್ರ ನುಸುಳಿದರೂ ಐವತ್ತು ಕೋಶಗಳು ಜೊತೆಗೆ ಬಂದಂತೆ. ಶಿಮೋಕಿತಾದಲ್ಲಿ ಒಂದೂವರೆ ಕಿಲೋಮೀಟರ್ ಕೆಳಗಿನ ಕೆಲವು ಪದರಗಳಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತಕ್ಕಿಂತ ಕಡಿಮೆ ಕೋಶಗಳಿದ್ದವು. ಅಂದರೆ ಹನಿಯೆಂದೂ ಕರೆಯಲಾಗದಷ್ಟು ನೀರು ಬಂದರೂ ಅತಿಥಿಗಳು ಮನೆಯವರನ್ನು ಮೀರಿಸುತ್ತಾರೆ.

ಈ ಎರಡೂ ಉಪಾಯಗಳು ಹೇಳುವುದು ಕೊರೆತದ ದ್ರವದ ಕಥೆಯನ್ನು ಮಾತ್ರ. ಶಿಲೀಂಧ್ರದ ಮಟ್ಟಿಗೆ ದೊಡ್ಡ ದಾರಿ ಗಾಳಿ. ಕ್ಲಾಡೋಸ್ಪೋರಿಯಮ್, ಪೆನಿಸಿಲಿಯಮ್, ಆಸ್ಪರ್ಜಿಲಸ್ ಎಂಬ ಸಾಮಾನ್ಯ ಬೂಷ್ಟುಗಳ ಬೀಜಕಗಳು ಡೆಕ್ಕಿನ ಮೇಲೂ ಇವೆ, ಹಡಗಿನ ಹವಾನಿಯಂತ್ರಣದ ಕೊಳವೆಗಳಲ್ಲೂ ಇವೆ, ರಟ್ಟಿನ ಪೆಟ್ಟಿಗೆಗಳಲ್ಲೂ ಇವೆ. ಮಾದರಿ ಬಿಚ್ಚುವ ಹೊತ್ತಿನಲ್ಲಿ ಬಿದ್ದ ಬೀಜಕವನ್ನು ಪರ್‌ಫ್ಲೂರೋಕಾರ್ಬನ್ನೂ ಹಿಡಿಯುವುದಿಲ್ಲ, ಮಣಿಯೂ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾ ಹುಡುಕುವವರು ರೂಪಿಸಿದ ಎಚ್ಚರಿಕೆಗಳನ್ನು ಹಾಗೇ ಶಿಲೀಂಧ್ರಕ್ಕೂ ಸಾಕೆಂದುಕೊಂಡದ್ದು ಈ ಕ್ಷೇತ್ರದ ಹಳೆಯ ದೌರ್ಬಲ್ಯ ಎಂದೇ ನಾವು ತಿಳಿಯುತ್ತೇವೆ.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು. ಕಂಬ ಮೇಲೆ ಬಂದ ಕೂಡಲೇ ಒಂದೂವರೆ ಮೀಟರ್ ತುಂಡುಗಳಾಗಿ ಕತ್ತರಿಸಿ ಎರಡೂ ತುದಿಗೆ ಮುಚ್ಚಳ ಹಾಕಬೇಕು. ಸಾಧ್ಯವಿದ್ದರೆ ಬಿಚ್ಚುವ ಮೊದಲೇ ಸಿಟಿ ಸ್ಕ್ಯಾನ್ ಮಾಡಿ ('ಚಿಕ್ಯೂ'ವಿನಲ್ಲಿ ಆ ಯಂತ್ರವಿದೆ) ಬಿರುಕಿಲ್ಲದ ಭಾಗವನ್ನು ಗುರುತಿಸಬೇಕು. ಮೀಥೇನ್ ಹೆಚ್ಚಿರುವ ಹೂಳು ಮೇಲೆ ಬರುತ್ತಿದ್ದಂತೆ ಒತ್ತಡ ಇಳಿದು ಅನಿಲ ಉಬ್ಬಿ ಕಂಬದಲ್ಲಿ ಸೀಳುಗಳೇಳುತ್ತವೆ, ಒಮ್ಮೊಮ್ಮೆ ಹೂಳು ಕವಚದಿಂದ ತಾನಾಗಿ ಹೊರಗೆ ತಳ್ಳಿಕೊಳ್ಳುತ್ತದೆ. ಅಂಥ ತುಂಡನ್ನು ಶಿಲೀಂಧ್ರದ ಕೆಲಸಕ್ಕೆ ತೆಗೆದುಕೊಳ್ಳಬಾರದು. ಮೆತ್ತಗಿನ ಹೂಳಾದರೆ ಹೊಸದಾಗಿ ಕತ್ತರಿಸಿದ ಮುಖವನ್ನು ಸುಟ್ಟು ತಣಿಸಿದ ಅಲಗಿನಿಂದ ಹೆರೆದು, ತುದಿ ಕತ್ತರಿಸಿದ ಶುದ್ಧ ಸಿರಿಂಜನ್ನು ನಟ್ಟನಡುವೆ ಒತ್ತಿ ತಿರುಳನ್ನು ಎಳೆಯಬೇಕು. ಗಟ್ಟಿ ಕಲ್ಲಾದರೆ ಹೊರಮೈಯನ್ನು ಸುತ್ತಲೂ ಕನಿಷ್ಠ ಒಂದು ಸೆಂಟಿಮೀಟರ್ ಉಳಿಯಿಂದ ಕೆತ್ತಿ ತೆಗೆದು, ಪ್ರತಿ ಪದರಕ್ಕೂ ಹೊಸ ಉಳಿ ಬಳಸಬೇಕು. ಅದೇ ಉಳಿಯನ್ನು ಒಳಗೂ ಬಳಸಿದರೆ ಹೊರಗಿನದನ್ನೇ ಒಳಗೆ ಬಿತ್ತಿದಂತೆ. ಈ ಕೆಲಸವೆಲ್ಲ ಸೋಸಿದ ಗಾಳಿಯ ಪೆಟ್ಟಿಗೆಯಲ್ಲೋ ನೈಟ್ರೋಜನ್ ತುಂಬಿದ, ಕೈಗವಸು ಜೋಡಿಸಿದ ಪೆಟ್ಟಿಗೆಯಲ್ಲೋ ನಡೆಯಬೇಕು, ಪಕ್ಕದಲ್ಲಿ ಬರೀ ಪೋಷಕವಿರುವ ತಟ್ಟೆಗಳನ್ನು ಕೆಲಸ ಮುಗಿಯುವವರೆಗೂ ಬಾಯಿ ತೆರೆದು ಇಟ್ಟಿರಬೇಕು. ಆ ತಟ್ಟೆಯಲ್ಲಿ ಬೆಳೆದದ್ದು ಯಾವುದು ಎಂಬುದು ವರದಿಯ ಕೋಷ್ಟಕದಲ್ಲಿ ಕಾಣದಿದ್ದರೆ ಉಳಿದ ಕೋಷ್ಟಕವನ್ನು ನಂಬುವುದು ಕಷ್ಟ. ಕೊರೆತದ ಕೆಸರು, ಹಡಗಿನ ನೀರು, ಕವಚದ ಹೊರಗಿನ ಗಸಿ ಇವುಗಳಿಂದಲೂ ಮಾದರಿ ತೆಗೆದು ಅದೇ ಪರೀಕ್ಷೆಗಳಿಗೆ ಒಡ್ಡಬೇಕು.

ಪ್ರಯೋಗಾಲಯಕ್ಕೆ ಬಂದ ಮೇಲೂ ಅಪಾಯ ಮುಗಿಯುವುದಿಲ್ಲ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲೇ ಅಲ್ಪಸ್ವಲ್ಪ ಸೂಕ್ಷ್ಮಜೀವಿ ಡಿಎನ್‌ಎ ಇರುತ್ತದೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಶುದ್ಧ ಕೃಷಿಯನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ಹೀಗೆ ತೆಳುಗೊಳಿಸುತ್ತ ಹೋದರು. ಕೊನೆಯ ಹಂತಗಳಲ್ಲಿ ಸಾಲ್ಮೊನೆಲ್ಲಾ ಹಿಂದೆ ಸರಿದು ಕಿಟ್‌ನೊಳಗಿನ ಅನ್ಯ ಡಿಎನ್‌ಎಯೇ ಮೇಲುಗೈ ಪಡೆಯಿತು. ಸಮುದ್ರದಡಿಯ ಹೂಳು ಹುಟ್ಟಿನಿಂದಲೇ ಅಂಥ ತೆಳು ಮಾದರಿ. ಹೀಗಾಗಿ ಪ್ರತಿ ಸರದಿಯಲ್ಲೂ ಹೂಳು ಹಾಕದ ಖಾಲಿ ನಳಿಕೆಯನ್ನು ಮೊದಲಿನಿಂದ ಕೊನೆಯವರೆಗೂ ಜೊತೆಗೆ ನಡೆಸಬೇಕು. ಖಾಲಿ ನಳಿಕೆಯದನ್ನು ಜೆಲ್ಲಿನ ಮೇಲೆ ಹರಿಸಿದಾಗ ಡಿಎನ್‌ಎ ಪಟ್ಟಿ ಕಾಣದಿದ್ದರೂ ಅದನ್ನು ಸೀಕ್ವೆನ್ಸಿಂಗ್‌ಗೆ (ಡಿಎನ್‌ಎಯ ಅಕ್ಷರ ಓದುವ ಕೆಲಸಕ್ಕೆ) ಕಳಿಸಲೇಬೇಕು, ಏಕೆಂದರೆ ಜೆಲ್ಲಿನ ಮೇಲೆ ಕಾಣದಷ್ಟು ಕಡಿಮೆ ಡಿಎನ್‌ಎಯನ್ನೂ ಸೀಕ್ವೆನ್ಸಿಂಗ್ ಯಂತ್ರ ಓದಿಬಿಡುತ್ತದೆ. ಪಿಸಿಆರ್ (ಸುತ್ತು ಸುತ್ತಿಗೂ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಸುತ್ತುಗಳನ್ನು 35ರಿಂದ 40, 45ಕ್ಕೆ ಏರಿಸಿ ಫಲಿತಾಂಶ ಹೊರಡಿಸುವುದು ಇನ್ನೊಂದು ಹಳ್ಳ. ಅಷ್ಟು ಸುತ್ತು ಬೇಕಾಯಿತೆಂದರೆ ಮಾದರಿಯಲ್ಲಿ ಇದ್ದದ್ದು ಬೆರಳೆಣಿಕೆಯ ಪ್ರತಿಗಳು ಎಂದರ್ಥ.

ಮಲಸೀಜಿಯಾ ಎಂಬ ಯೀಸ್ಟಿನ ಉದಾಹರಣೆ ಈ ಗೊಂದಲಕ್ಕೆ ಕನ್ನಡಿ. ಮನುಷ್ಯರ ಚರ್ಮದ ಮೇಲಿರುವುದು ಅದೇ, ತಲೆಹೊಟ್ಟಿಗೂ ಅದೇ ಕಾರಣ. ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾಗದೆ ಹೊರಗಿನ ಜಿಡ್ಡನ್ನು ನಂಬಿ ಬದುಕುವ ಜೀವಿ. ಅದರ ಬಂಧುಗಳ ಡಿಎನ್‌ಎ ಆಳಸಾಗರದ ಹೂಳಿನಲ್ಲಿ, ಹವಳದಲ್ಲಿ, ಸ್ಪಂಜಿನಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಎಲ್ಲವನ್ನೂ ಕೈಯಿಂದ ಉದುರಿದ್ದು ಎಂದು ತಳ್ಳಿಹಾಕುವುದು ಅನ್ಯಾಯ, ಎಲ್ಲವನ್ನೂ ಒಪ್ಪುವುದು ಅವಿವೇಕ. ಸೀಕ್ವೆನ್ಸು ಚರ್ಮದ ತಳಿಗೆ ಅಕ್ಷರಶಃ ಹೊಂದಿಕೊಂಡು, ಖಾಲಿ ನಳಿಕೆಯಲ್ಲೂ ಕಂಡರೆ ಕೈಬಿಡಬೇಕು. ಚರ್ಮದ ತಳಿಯಿಂದ ಸ್ಪಷ್ಟವಾಗಿ ಬೇರೆಯಾಗಿ, ಬೇರೆ ಬೇರೆ ತಂಡಗಳು ತೆಗೆದ ಮಾದರಿಗಳಲ್ಲಿ ಕಂಡು, ಖಾಲಿ ನಳಿಕೆಯಲ್ಲಿ ಇಲ್ಲದಿದ್ದರೆ ಉಳಿಸಿಕೊಳ್ಳಬೇಕು.

ಡಿಎನ್‌ಎ ತೆಗೆಯುವುದೇ ಒಂದು ಪ್ರತ್ಯೇಕ ಕಸುಬು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ, ಬ್ಯಾಕ್ಟೀರಿಯಾಕ್ಕೆ ಸಾಕಾಗುವ ರಾಸಾಯನಿಕಕ್ಕೆ ಅದು ಬಗ್ಗುವುದಿಲ್ಲ. ಗಾಜಿನ ಅಥವಾ ಸೆರಾಮಿಕ್ ಮಣಿಗಳೊಡನೆ ಜೋರಾಗಿ ಕುಲುಕಬೇಕು. ಕುಲುಕಿದ್ದು ಕಡಿಮೆಯಾದರೆ ಬೀಜಕ ಒಡೆಯುವುದಿಲ್ಲ, ಹೆಚ್ಚಾದರೆ ಮೊದಲೇ ಒಡೆದ ಯೀಸ್ಟಿನ ಡಿಎನ್‌ಎ ಚೂರುಚೂರಾಗುತ್ತದೆ. ಹೊರಬಂದ ಡಿಎನ್‌ಎಯನ್ನು ಜೇಡಿಯ ಕಣಗಳು ತಕ್ಷಣ ಹಿಡಿದುಕೊಳ್ಳುತ್ತವೆ, ಅದಕ್ಕೇ ಫಾಸ್ಫೇಟ್ ಮೊದಲೇ ಬೆರೆಸಿ ಜೇಡಿಯ ಹಿಡಿತದ ಜಾಗಗಳನ್ನು ತುಂಬಿಬಿಡಬೇಕು. ಕೊಳೆತ ಸಾವಯವದಿಂದ ಬರುವ ಹ್ಯೂಮಿಕ್ ಆಮ್ಲಗಳು ಪಿಸಿಆರ್ ಕಿಣ್ವವನ್ನೇ ಕಟ್ಟಿಹಾಕುತ್ತವೆ. ನಳಿಕೆಯ ದ್ರವ ತೆಳು ಕಂದು ಬಣ್ಣದ್ದಾಗಿದ್ದರೆ ಇನ್ನೊಮ್ಮೆ ಶುದ್ಧಮಾಡಬೇಕು, ಇಲ್ಲವೆ ಹತ್ತು ಪಟ್ಟು ನೀರು ಬೆರೆಸಿ ನೋಡಬೇಕು. ಕಿಟ್‌ಗಳು ಸಾಮಾನ್ಯವಾಗಿ ಕೇಳುವ ಕಾಲು ಗ್ರಾಂ ಹೂಳು ಆಳದ ಮಾದರಿಗೆ ಏನೇನೂ ಸಾಲದು, ಹತ್ತು ಗ್ರಾಂವರೆಗೂ ತೆಗೆದುಕೊಂಡು ಭಾಗ ಮಾಡಿ ತೆಗೆದು ಕೊನೆಗೆ ಒಟ್ಟುಗೂಡಿಸಬೇಕಾಗುತ್ತದೆ. ಯಾವ ಶಿಲೀಂಧ್ರವೆಂದು ಗುರುತಿಸಲು ಐಟಿಎಸ್ ಎಂಬ ಡಿಎನ್‌ಎ ಭಾಗವನ್ನು ಓದಿದರೆ ಪ್ರಭೇದದ ಮಟ್ಟಕ್ಕೆ ಹೋಗಬಹುದು, ಆದರೆ ಪ್ರಚಲಿತ ಪ್ರೈಮರ್‌ಗಳು (ಓದಬೇಕಾದ ಭಾಗವನ್ನು ಹಿಡಿಯುವ ಸಣ್ಣ ಡಿಎನ್‌ಎ ತುಣುಕುಗಳು) ಚಿರಪರಿಚಿತ ಗುಂಪುಗಳತ್ತ ವಾಲುತ್ತವೆ, ಕೈಟ್ರಿಡ್‌ನಂಥ ಪ್ರಾಚೀನ ಗುಂಪುಗಳು ಜಾರಿಹೋಗುತ್ತವೆ. 18ಎಸ್ ಎಂಬ ಇನ್ನೊಂದು ಭಾಗ ಓದಿದರೆ ಅವೂ ಸಿಗುತ್ತವೆ, ಪ್ರಭೇದ ಮಾತ್ರ ಮಸುಕು. ಎರಡನ್ನೂ ಓದುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಾಗಿ ಮಾಡಿದಾಗ ಮೊದಲ ಎರಡು ಮಾತು ನಿಲ್ಲುತ್ತವೆ. ಮೂರನೆಯದು, ಅಂದರೆ ಅಲ್ಲಿ ಬದುಕಿತ್ತೇ ಎಂಬುದು, ಇನ್ನೂ ಬಾಕಿ. ಆಳಸಾಗರದ ಮೇಲ್ಪದರದ ಹೂಳಿನಲ್ಲಿರುವ ಡಿಎನ್‌ಎಯಲ್ಲಿ ಬಹುಪಾಲು ಕೋಶದ ಹೊರಗೆ, ಜೇಡಿಗೆ ಅಂಟಿಕೊಂಡು ಉಳಿದದ್ದು. ಸತ್ತವರ ಹೆಸರೂ ಬದುಕಿರುವವರ ಹೆಸರೂ ಒಂದೇ ಪಟ್ಟಿಯಲ್ಲಿ ಬಂದಂತೆ. ಆರ್‌ಎನ್‌ಎ ಬೇಗ ಒಡೆಯುವುದರಿಂದ ಅದರ ಸಾಕ್ಷ್ಯಕ್ಕೆ ತೂಕ ಹೆಚ್ಚು, ಆದರೆ ನಿದ್ದೆಯಲ್ಲಿರುವ ಬೀಜಕದೊಳಗೂ ರೈಬೋಸೋಮಿನ ಆರ್‌ಎನ್‌ಎ ಇರುತ್ತದೆ. ಕೆಲಸ ನಡೆಯುತ್ತಿತ್ತು ಎನ್ನಲು ಪ್ರೋಟೀನ್ ತಯಾರಿಗೆ ಹೊರಟ ಸಂದೇಶವಾಹಕ ಆರ್‌ಎನ್‌ಎ ಸಿಗಬೇಕು. ಅದನ್ನೂ ಓದುವ ಮುನ್ನ ಡಿಎನ್‌ಎಯನ್ನು ಕಿಣ್ವ ಹಾಕಿ ಪೂರ್ತಿ ಕರಗಿಸಿ, ಆರ್‌ಎನ್‌ಎಯಿಂದ ಡಿಎನ್‌ಎಗೆ ತಿರುಗಿಸುವ ಕಿಣ್ವ ಹಾಕದ ಒಂದು ನಳಿಕೆಯನ್ನು ಪಕ್ಕದಲ್ಲಿ ನಡೆಸಬೇಕು. ಆ ನಳಿಕೆಯಲ್ಲೂ ಏನಾದರೂ ಹುಟ್ಟಿತೆಂದರೆ ಓದುತ್ತಿರುವುದು ಉಳಿದುಹೋದ ಡಿಎನ್‌ಎಯನ್ನೇ.

ತಟ್ಟೆಯಲ್ಲಿ ಬೆಳೆಸುವುದಕ್ಕೂ ಮಿತಿ ಇದೆ. ಬೆಳೆದದ್ದು ಜೀವಂತವಾಗಿತ್ತು ಎಂಬುದು ಖಚಿತ, ಅಲ್ಲಿ ಬೆಳೆಯುತ್ತಿತ್ತು ಎಂಬುದು ಖಚಿತವಲ್ಲ. ಲಕ್ಷಾಂತರ ವರ್ಷ ಸುಮ್ಮನಿದ್ದ ಬೀಜಕ ತಟ್ಟೆಯ ಸಕ್ಕರೆ ಸಿಕ್ಕ ಕೂಡಲೇ ಮೊಳೆತಿರಬಹುದು. ಆದರೂ ತಟ್ಟೆ ಬೇಕೇ ಬೇಕು, ಏಕೆಂದರೆ ತಳಿ ಕೈಯಲ್ಲಿದ್ದರೆ ಅದನ್ನು ಪ್ರಶ್ನಿಸಬಹುದು. ಸಮುದ್ರದ ನೀರಿನಲ್ಲಿ ಮಾಲ್ಟ್ ಸಾರವನ್ನು ಮಾಮೂಲಿನ ಐದನೇ ಒಂದು ಭಾಗಕ್ಕೆ, ಅಂದರೆ ಲೀಟರಿಗೆ ನಾಲ್ಕು ಗ್ರಾಂಗೆ ಇಳಿಸಿ, ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್‌ನಂಥ ಔಷಧ ಸೇರಿಸಿದ ತಟ್ಟೆ ಒಳ್ಳೆಯದು. ಪೂರ್ತಿ ಪ್ರಮಾಣದ ಪೋಷಕ ಹಾಕಿದರೆ ಓಡುಗಾಲಿನ ಬೂಷ್ಟು ವಾರದೊಳಗೆ ತಟ್ಟೆಯನ್ನೆಲ್ಲ ಮುಚ್ಚಿ, ಎರಡು ಮೂರು ತಿಂಗಳು ಕೇಳುವ ನಿಧಾನಿಗಳಿಗೆ ಜಾಗವೇ ಉಳಿಯುವುದಿಲ್ಲ. ತಟ್ಟೆಗಳನ್ನು ಆ ಪದರದ ನಿಜ ಉಷ್ಣಾಂಶಕ್ಕೆ ಹತ್ತಿರವಾಗಿ ಇಡಬೇಕು, ಜೊತೆಗೆ ಆಟೊಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಜೀವಿಗಳನ್ನೆಲ್ಲ ಕೊಂದ) ಅದೇ ಹೂಳಿನ ತಟ್ಟೆಯೂ ಇರಬೇಕು. ಒತ್ತಡದ ಪರೀಕ್ಷೆಗೆ ಬೀಜಕಗಳನ್ನು ಪೋಷಕದೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ಬೆಸೆದು, ಉಕ್ಕಿನ ಪಾತ್ರೆಯಲ್ಲಿಟ್ಟು ಪಂಪಿನಿಂದ 200 ಬಾರ್‌ವರೆಗೆ ಏರಿಸುತ್ತಾರೆ. ಗುಳ್ಳೆ ಉಳಿದರೆ ಒತ್ತಡಕ್ಕೆ ಅದರ ಆಮ್ಲಜನಕವೆಲ್ಲ ದ್ರವಕ್ಕಿಳಿದು ಪರೀಕ್ಷೆಯ ಅರ್ಥವೇ ಬದಲಾಗುತ್ತದೆ. ಅಂಥ ಒತ್ತಡದಲ್ಲೂ ಕೆಲವು ಆಸ್ಪರ್ಜಿಲಸ್ ಬೀಜಕಗಳು ಮೊಳೆಯುತ್ತವೆ, ಎಳೆಗಳು ಮಾತ್ರ ಅಲ್ಲಲ್ಲಿ ಉಬ್ಬಿ ವಿಕಾರವಾಗಿರುತ್ತವೆ.

ಕಣ್ಣಾರೆ ನೋಡುವ ದಾರಿಯೂ ಇದೆ, ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಕ್ಯಾಲ್ಕೊಫ್ಲೋರ್ ಬಣ್ಣ ಕೈಟಿನ್‌ಗೆ ಅಂಟಿಕೊಂಡು ಅತಿನೇರಳೆ ಬೆಳಕಿನಲ್ಲಿ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಹೂಳಿನ ಕಣಗಳು ಎಳೆಯ ಮೈಗೆ ಕಂತೆಯಾಗಿ ಅಂಟಿಕೊಂಡು ಅದನ್ನು ಮುಚ್ಚಿಬಿಡುವುದರಿಂದ ಎಷ್ಟೋ ಸಲ ಏನೂ ಇಲ್ಲವೆಂದೇ ತೋರುತ್ತದೆ. ಮೊದಲು ಇಡಿಟಿಎ ದ್ರಾವಣದಲ್ಲಿ ನೆನೆಸಿ ಆ ಕಂತೆ ಬಿಡಿಸಿದರೆ ಎಳೆಗಳು ಹೆಚ್ಚು ಸಲ ಕಾಣಿಸಿಕೊಳ್ಳುತ್ತವೆ ಎಂದು ಮಧ್ಯ ಹಿಂದೂ ಮಹಾಸಾಗರದ ಹೂಳಿನ ಮೇಲಿನ ಕೆಲಸ ತೋರಿಸಿದೆ. ಹೂಳಿನೊಳಗೆ ಎಳೆ ಕಂಡಿತೆಂದರೆ ಅದು ಬೀಜಕಕ್ಕಿಂತ ದೊಡ್ಡ ಸಾಕ್ಷಿ. ಬೀಜಕ ನೀರಿನಲ್ಲಿ ಇಳಿದು ಬಂದಿರಬಹುದು, ಎಳೆ ಎಲ್ಲೋ ಬೆಳೆದಿರಲೇಬೇಕು.

ಬೆಳೆಯಲು ಅಲ್ಲಿ ಜಾಗವಿದೆಯೇ? ಎಳೆಯ ದಪ್ಪ ಎರಡರಿಂದ ಹತ್ತು ಮೈಕ್ರೋಮೀಟರ್. ಮೇಲಿನ ಭಾರಕ್ಕೆ ಅಮುಕಿಹೋದ ಜೇಡಿಯಲ್ಲಿ ರಂಧ್ರಗಳು ಒಂದು ಮೈಕ್ರೋಮೀಟರಿಗೂ ಕಿರಿದು. ಅಂಥ ಜೇಡಿಯ ನಡುವೆ ಶಿಲೀಂಧ್ರದ ಬಲೆ ಹಬ್ಬಿದೆ ಎಂದರೆ ನಾವು ಸುಲಭಕ್ಕೆ ಒಪ್ಪುವುದಿಲ್ಲ. ಮರಳಿನ ಪದರ, ಕಲ್ಲಿದ್ದಲಿನ ಸಹಜ ಬಿರುಕು, ತಳದ ಬಸಾಲ್ಟ್ ಶಿಲೆಯ ಗುಳ್ಳೆರಂಧ್ರ ಇವು ಬೇರೆ ಮಾತು, ಅಲ್ಲಿ ಜಾಗವಿದೆ. ಪೆಸಿಫಿಕ್‌ನ ಸಮುದ್ರಪರ್ವತಗಳ ಬಸಾಲ್ಟಿನ ಗುಳ್ಳೆಗಳಲ್ಲಿ ಶಿಲೀಂಧ್ರದ ಎಳೆಗಳು ಖನಿಜವಾಗಿ ಉಳಿದಿರುವುದು ಕಂಡಿದೆ. ಶಿಮೋಕಿತಾದ ಕಲ್ಲಿದ್ದಲಿನಿಂದ ಬೆಳೆಸಿದ ಸ್ಕಿಜೋಫಿಲಮ್ ಕಮ್ಯೂನ್ ಒಣಮರದ ಮೇಲೆ ಬಿಳಿ ಬೀಸಣಿಗೆಯಂತೆ ಅರಳುವ, ಜಗತ್ತಿನೆಲ್ಲೆಡೆ ಇರುವ ಸಾಮಾನ್ಯ ಶಿಲೀಂಧ್ರ. ಆ ಪದರ ಇಪ್ಪತ್ತು ದಶಲಕ್ಷ ವರ್ಷದ ಹಿಂದೆ ಗಿಡಮರಗಳಿದ್ದ ಜೌಗು ನೆಲವಾಗಿತ್ತು. ಹಾಗಾಗಿ ಇಂದಿನ ಗಾಳಿಯಿಂದ ಬಂತೋ ಆ ಕಾಡಿನಿಂದ ಉಳಿದು ಬಂತೋ ಎಂಬ ಪ್ರಶ್ನೆಗೆ ಹೆಸರು ಉತ್ತರ ಕೊಡುವುದಿಲ್ಲ. ಆ ತಳಿ ಆಮ್ಲಜನಕವಿಲ್ಲದೆ ಬೆಳೆಯಬಲ್ಲದೇ, ಅಲ್ಲಿನ ಇದ್ದಲನ್ನೇ ಉಣ್ಣಬಲ್ಲದೇ ಎಂದು ಪರೀಕ್ಷಿಸುವುದೇ ದಾರಿ, ಅಂಥ ಪರೀಕ್ಷೆಗಳು ನಡೆಯುತ್ತಿವೆ.

ಆಮ್ಲಜನಕವಿಲ್ಲದೆ ಶಿಲೀಂಧ್ರ ಬದುಕಲಾರದು ಎಂಬ ಹಳೆಯ ಆಕ್ಷೇಪ ಈಗ ನಿಲ್ಲುವುದಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಶಿಲೀಂಧ್ರಗಳು ಆಮ್ಲಜನಕ ತಗುಲಿದರೇ ಸಾಯುತ್ತವೆ. ಅರಬ್ಬೀ ಸಮುದ್ರದ ಆಮ್ಲಜನಕ ಕೊರತೆಯ ವಲಯದಿಂದ ಬಂದ ಆಸ್ಪರ್ಜಿಲಸ್ ಟೆರಿಯಸ್ ತಳಿಯೊಂದು ನೈಟ್ರೇಟನ್ನು ಕೋಶದೊಳಗೆ ಕೂಡಿಟ್ಟುಕೊಂಡು, ಆಮ್ಲಜನಕ ಇಲ್ಲದಾಗ ಅದನ್ನೇ ಉಸಿರಾಟಕ್ಕೆ ಬಳಸಿ ಅಮೋನಿಯಮ್ ಹೊರಬಿಡುತ್ತದೆ ಎಂದು 2014ರಲ್ಲಿ ತೋರಿಸಲಾಗಿದೆ. ನೈಟ್ರೇಟೂ ಇಲ್ಲದ ಆಳದಲ್ಲಿ ಹುದುಗುವಿಕೆಯೇ ಗತಿ. ಗಟ್ಟಿ ಸಾವಯವ ಪದಾರ್ಥವನ್ನು ಕಿಣ್ವದಿಂದ ಒಡೆದು ಹೈಡ್ರೋಜನ್, ಅಸಿಟೇಟ್ ಹೊರಬಿಟ್ಟರೆ ಮೀಥೇನ್ ತಯಾರಿಸುವ ಆರ್ಕಿಯಾಗಳಿಗೆ ಅದೇ ಊಟ. ಶಿಲೀಂಧ್ರದ ಸಂಖ್ಯೆ ಕಡಿಮೆಯಾದರೂ ಅದರ ಕೆಲಸ ದೊಡ್ಡದಿರಬಹುದು ಎಂಬ ನಿರೀಕ್ಷೆ ಈ ಕಾರಣಕ್ಕೆ. ಉಷ್ಣಾಂಶ ಮಾತ್ರ ರಾಜಿಯಾಗದ ಗಡಿ. ಶಿಲೀಂಧ್ರಗಳು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಆಚೆ ಬೆಳೆಯುವುದಿಲ್ಲ, ಶಿಮೋಕಿತಾದ ರಂಧ್ರದ ತಳವೂ ಸುಮಾರು 60 ಡಿಗ್ರಿಯೇ. ಅದಕ್ಕಿಂತ ಬಿಸಿ ಪದರದಲ್ಲಿ ಶಿಲೀಂಧ್ರ ಬೆಳೆಯುತ್ತಿತ್ತು ಎಂಬ ವರದಿ ಬಂದರೆ ಮೊದಲು ಖಾಲಿ ನಳಿಕೆಯ ಫಲಿತಾಂಶ ಕೇಳಿ.

ನಿಮ್ಮ ವಿಜ್ಞಾನ ಪುಟದವರಲ್ಲಿ ನಮ್ಮ ಕೋರಿಕೆ ಸಣ್ಣದು. ಇಂಥ ಸುದ್ದಿ ಪ್ರಕಟಿಸುವಾಗ ಆಳದ ಅಂಕಿಯ ಜೊತೆ ಇನ್ನೂ ಮೂರು ವಿವರ ಸೇರಿಸಿ: ಕಂಡದ್ದು ಡಿಎನ್‌ಎಯೋ, ಆರ್‌ಎನ್‌ಎಯೋ, ಬೆಳೆದ ತಳಿಯೋ, ಕೊರೆತದ ಕೆಸರು ಮತ್ತು ಖಾಲಿ ನಳಿಕೆಗಳಲ್ಲಿ ಏನು ಸಿಕ್ಕಿತು, ಮಾದರಿಯನ್ನು ಹೇಗೆ ಕಾಪಿಟ್ಟಿದ್ದರು. ಕೊನೆಯದು ಇನ್ನು ಮುಂದೆ ಬಹಳ ಮುಖ್ಯವಾಗಲಿದೆ. ದಶಕಗಳ ಕಾಲ ಹೂಳಿನ ಕಂಬಗಳನ್ನು ಎತ್ತಿದ 'ಜಾಯ್ಡಿಸ್ ರೆಸಲ್ಯೂಷನ್' ಹಡಗು 2024ರಲ್ಲಿ ಈ ಕೆಲಸ ನಿಲ್ಲಿಸಿದೆ. ಹೊಸ ಕಂಬಗಳು ಕಡಿಮೆಯಾದಂತೆ ಸಂಶೋಧಕರು ಜರ್ಮನಿಯ ಬ್ರೆಮೆನ್, ಅಮೆರಿಕದ ಕಾಲೇಜ್ ಸ್ಟೇಷನ್, ಜಪಾನಿನ ಕೋಚಿ ಭಂಡಾರಗಳಲ್ಲಿರುವ ಹಳೆಯ ಕಂಬಗಳತ್ತ ತಿರುಗುವುದು ಸಹಜ. ಆ ಕಂಬಗಳಲ್ಲಿ ಬಹುಪಾಲು ಉದ್ದಕ್ಕೆ ಸೀಳಿ ಸುಮಾರು 4 ಡಿಗ್ರಿಯಲ್ಲಿ ಇಟ್ಟಂಥವು. ಭೂವಿಜ್ಞಾನಕ್ಕೆ ಅದು ಸಾಕು. ಶಿಲೀಂಧ್ರಕ್ಕೆ ಸಾಲದು, ಏಕೆಂದರೆ ಒದ್ದೆ ಹೂಳಿನ ಸೀಳುಮೈ ಮೇಲೆ ಅಷ್ಟು ತಣ್ಣಗೂ ಬೂಷ್ಟು ನಿಧಾನವಾಗಿ ಹಬ್ಬುತ್ತದೆ. ಕೊರೆದ ದಿನವೇ ಇಡಿಯಾಗಿ ಮೈನಸ್ 80 ಡಿಗ್ರಿಗೆ ಇಳಿಸಿದ ತುಂಡುಗಳಿಂದ ಬಂದ ಫಲಿತಾಂಶಕ್ಕೂ ಸೀಳಿ ಇಟ್ಟ ಕಂಬದಿಂದ ಬಂದ ಫಲಿತಾಂಶಕ್ಕೂ ಒಂದೇ ಶೀರ್ಷಿಕೆ ಕೊಡಬೇಡಿ.

ಇಂತಿ,
ಸಾಗರತಳದ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿರುವ ನಿಮ್ಮ ಓದುಗರು